ಮೊದಲು ಕಿವಿ, ಆಮೇಲೆ ಕಣ್ಣು: ಸಂದರ್ಶನ ಚಿತ್ರೀಕರಣದ ಪ್ರಶ್ನೋತ್ತರ

ಈ ಸಲದ ಅಂಕಣ ಸಾಕ್ಷ್ಯಚಿತ್ರ ಮಾಡಲು ಹೊರಟ ವಿದ್ಯಾರ್ಥಿಗಳದು. ಬರೆದವರೆಲ್ಲರ ಪರಿಸ್ಥಿತಿಯೂ ಹೆಚ್ಚುಕಡಿಮೆ ಒಂದೇ: ಒಂದು ಕ್ಯಾಮೆರಾ ಅಥವಾ ಫೋನ್, ಇಬ್ಬರು ಮೂವರು ಗೆಳೆಯರು, ಕೂತು ಮಾತಾಡಲು ಒಪ್ಪಿದ ಒಬ್ಬ ವ್ಯಕ್ತಿ, ಅವರು ಕೊಟ್ಟ ಅರ್ಧ ದಿನ. ಯಾವ ಕ್ಯಾಮೆರಾ ಕೊಳ್ಳಬೇಕು ಎಂದು ಕೇಳಿದವರೇ ಹೆಚ್ಚು. ಆ ಪತ್ರಗಳನ್ನು ಬದಿಗಿಟ್ಟು, ಸಂದರ್ಶನ ನಿಜವಾಗಿ ಕೆಡುವ ಜಾಗಗಳ ಬಗ್ಗೆ ಕೇಳಿದವನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಖಾಲಿ ತರಗತಿಯೊಂದರಲ್ಲಿ ಸಂದರ್ಶನ ಚಿತ್ರೀಕರಿಸಿದೆವು. ಚಿತ್ರ ಚೆನ್ನಾಗಿದೆ. ದನಿ ಮಾತ್ರ ಬಾವಿಯೊಳಗಿಂದ ಬಂದಂತಿದೆ. ಕ್ಯಾಮೆರಾದ ಮೈಕನ್ನೇ ಬಳಸಿದ್ದೆವು. ಎಡಿಟಿಂಗ್‌ನಲ್ಲಿ ಸರಿ ಮಾಡಬಹುದೇ?

ಉತ್ತರ: ಸ್ವಲ್ಪ ಮಟ್ಟಿಗೆ ಮಾಡಬಹುದು, ಪೂರ್ತಿ ಆಗದು. ಪ್ರತಿಧ್ವನಿ ತೆಗೆಯುವ ಸಾಫ್ಟ್‌ವೇರ್‌ಗಳು ಈಗ ಸಾಕಷ್ಟು ಸುಧಾರಿಸಿವೆ. ಆದರೂ ಜೋರಾಗಿ ಬಳಸಿದರೆ ದನಿಯ ಜೀವ ಹೋಗಿ ಲೋಹದಂಥ ಸದ್ದು ಉಳಿಯುತ್ತದೆ. ಅರ್ಧದಷ್ಟೇ ಬಳಸಿ, ಉಳಿದ ಪ್ರತಿಧ್ವನಿಯನ್ನು ಹಾಗೇ ಬಿಡಿ. ಸಮಯ ಸಿಗುವುದಾದರೆ ಮುಖ್ಯವಾದ ಎರಡು ಮೂರು ಉತ್ತರಗಳನ್ನು ಮತ್ತೆ ಕೇಳಿ ರೆಕಾರ್ಡ್ ಮಾಡುವುದು ಇದಕ್ಕಿಂತ ಒಳ್ಳೆಯದು.

ಹೀಗಾಗಲು ಕಾರಣ ದೂರ. ಮೈಕ್ ಬಾಯಿಯಿಂದ ಎರಡು ಪಟ್ಟು ದೂರ ಹೋದರೆ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆ, ನೆಲ, ಚಾವಣಿಗೆ ಬಡಿದು ಬರುವ ಸದ್ದು ಹಾಗಲ್ಲ, ಕೋಣೆಯ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ತುಂಬಿರುತ್ತದೆ. ಎರಡು ಮೀಟರ್ ದೂರದ ಟ್ರೈಪಾಡ್ ಮೇಲಿರುವ ಮೈಕ್‌ಗೆ ಮಾತು ಕಡಿಮೆ, ಕೋಣೆ ಹೆಚ್ಚು ಕೇಳಿಸುತ್ತದೆ. ಎಷ್ಟೇ ಬೆಲೆಯ ಮೈಕ್ ತಂದರೂ ಅಷ್ಟು ದೂರದಲ್ಲಿಟ್ಟರೆ ಇದೇ ಕಥೆ. ಸಾಧಾರಣ ಮೈಕಾದರೂ ಬಾಯಿಯ ಹತ್ತಿರವಿದ್ದರೆ ಗೆದ್ದಂತೆ.

ಕಾಲರ್ ಮೈಕ್ ಇದ್ದರೆ ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಸಿಕ್ಕಿಸಿ. ಕುತ್ತಿಗೆಗೆ ತೀರಾ ಹತ್ತಿರವಾದರೆ ಗದ್ದ ಅಡ್ಡ ಬಂದು ದನಿ ಮಂಕಾಗುತ್ತದೆ. ಒಂದೇ ಬದಿಯ ಭುಜದ ಕಡೆ ಹಾಕಿದರೆ ತಲೆ ಆ ಕಡೆ ತಿರುಗಿದಾಗಲೆಲ್ಲ ದನಿ ಏರುತ್ತದೆ, ಈ ಕಡೆ ತಿರುಗಿದಾಗ ಇಳಿಯುತ್ತದೆ. ಸರ, ದುಪಟ್ಟಾ, ಗರಿಗರಿ ಇಸ್ತ್ರಿ ಮಾಡಿದ ಬಟ್ಟೆ ಮೈಕ್‌ಗೆ ಉಜ್ಜದಂತೆ ನೋಡಿಕೊಳ್ಳಿ. ಕ್ಲಿಪ್‌ನಿಂದ ಕೆಳಗೆ ವೈರನ್ನು ಒಂದು ಸಣ್ಣ ಸುತ್ತು ಸುತ್ತಿ ಬಟ್ಟೆಯ ಒಳಬದಿಗೆ ಟೇಪ್ ಅಂಟಿಸಿದರೆ, ಅವರು ಕದಲಿದಾಗ ಆಗುವ ಎಳೆತ ಮೈಕ್‌ವರೆಗೆ ತಲುಪದು. ವೈರನ್ನು ಬಟ್ಟೆಯೊಳಗಿಂದ ತರಬೇಕಾದಾಗ ಅದನ್ನು ಅವರ ಕೈಗೇ ಕೊಟ್ಟು, ಹೇಗೆ ಹಾಕಿಕೊಳ್ಳಬೇಕೆಂದು ಬಾಯಲ್ಲಿ ಹೇಳಿ. ಕೇಳದೆ ಯಾರ ಮೈಯನ್ನೂ ಮುಟ್ಟಬೇಡಿ.

ಬೂಮ್ ಮೈಕ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಆದರೆ ತಲೆಯ ಮೇಲೆ, ಸ್ವಲ್ಪ ಮುಂದೆ, ಒಂದು ಮೊಳ ಅಂತರದಲ್ಲಿ, ಬಾಯಿಯ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು. ಅಂಚು ಕಾಣುವವರೆಗೆ ಫ್ರೇಮಿನೊಳಗೆ ಇಳಿಸಿ, ಅಲ್ಲಿಂದ ಮರೆಯಾಗುವಷ್ಟೇ ಮೇಲಕ್ಕೆತ್ತಿ. ಅದೇ ಸರಿಯಾದ ಜಾಗ. ಕೈಯಲ್ಲಿ ಹಿಡಿದರೆ ಹತ್ತು ನಿಮಿಷಕ್ಕೆ ತೋಳು ನಡುಗುತ್ತದೆ, ಅದಕ್ಕೇ ಸ್ಟ್ಯಾಂಡ್ ಬೇಕು. ಸ್ಟ್ಯಾಂಡಿನ ಕಾಲಿಗೆ ಭಾರ ಹೇರುವುದನ್ನು ಮರೆಯಬೇಡಿ, ಅದು ನಿಂತಿರುವುದು ಒಬ್ಬರ ತಲೆಯ ಮೇಲೆ.

ಕೋಣೆಯ ಆಯ್ಕೆಯಲ್ಲಿ ಅಂದಕ್ಕಿಂತ ಸದ್ದು ನೋಡಿ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಣ್ ಎಂದು ಬಾಲ ಉಳಿದರೆ ಬೇರೆ ಕೋಣೆ ಹುಡುಕಿ. ಪುಸ್ತಕದ ಕಪಾಟು, ಪರದೆ, ಹಾಸಿಗೆ ಇರುವ ಕೋಣೆ ಒಳ್ಳೆಯದು. ಬೇರೆ ದಾರಿ ಇಲ್ಲದಿದ್ದರೆ ದಪ್ಪ ಕಂಬಳಿಗಳನ್ನು ನೆಲಕ್ಕೆ ಹಾಸಿ, ಮಾತಾಡುವವರ ಎದುರಿನ ಗೋಡೆಗೂ ತೂಗುಹಾಕಿ. ಅವರ ದನಿ ಮೊದಲು ಬಡಿಯುವುದು ಆ ಗೋಡೆಗೇ, ಅದು ಕ್ಯಾಮೆರಾ ಹಿಂದೆ ಇರುವುದರಿಂದ ಚಿತ್ರದಲ್ಲಿ ಕಾಣುವುದೂ ಇಲ್ಲ. ಫ್ಯಾನ್, ಎಸಿ, ಟಿಕ್ ಟಿಕ್ ಎನ್ನುವ ಗಡಿಯಾರ ನಿಲ್ಲಿಸಿ. ಪಕ್ಕದಲ್ಲಿ ಫ್ರಿಜ್ ಇದ್ದರೆ ಅದನ್ನು ಆರಿಸಿ, ನಿಮ್ಮ ಗಾಡಿಯ ಕೀಲಿಯನ್ನು ಅದರೊಳಗಿಡಿ. ಕೀಲಿ ಇಲ್ಲದೆ ಹೊರಡಲಾಗದು, ಹಾಗಾಗಿ ಫ್ರಿಜ್ ಮತ್ತೆ ಹಾಕುವುದೂ ಮರೆಯದು.

ರೆಕಾರ್ಡಿಂಗ್ 48 ಕಿಲೋಹರ್ಟ್ಜ್, 24 ಬಿಟ್ ಇರಲಿ. ದನಿಯ ಮಟ್ಟವನ್ನು ತಾನೇ ಹೊಂದಿಸುವ ಆಟೋ ಗೇನ್ ಆಫ್ ಮಾಡಿ. ಅದು ಮಾತು ನಿಂತಾಗಲೆಲ್ಲ ಕೋಣೆಯ ಸದ್ದನ್ನು ಮೇಲೆತ್ತುತ್ತದೆ, ಮಾತು ಶುರುವಾದೊಡನೆ ಒತ್ತುತ್ತದೆ, ಆ ಏರಿಳಿತ ಎಡಿಟಿಂಗ್‌ನಲ್ಲಿ ಹೋಗದು. ಮಟ್ಟ ಹೊಂದಿಸುವಾಗ "ಹಲೋ, ಒಂದು, ಎರಡು" ಎನ್ನಿಸಬೇಡಿ, ಹಾಗೆ ಹೇಳುವ ದನಿಯೇ ಬೇರೆ. ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಎಂದು ಕೇಳಿ, ಅವರು ಉತ್ತರಿಸುವಾಗ ಮಾತಿನ ತುದಿಗಳು -12 ಡೆಸಿಬೆಲ್ ಸುತ್ತ ಬರುವಂತೆ ಇಡಿ. ನಗು ಬಂದಾಗ ದನಿ ಒಮ್ಮೆಲೇ ಏರುತ್ತದೆ, ಮೇಲೆ ಬಿಟ್ಟ ಜಾಗ ಅದಕ್ಕೆ. ಮೀಟರ್‌ನ ಗರಿಷ್ಠ ಮಟ್ಟವಾದ ಸೊನ್ನೆ ಮುಟ್ಟಿ ಒಡೆದ ದನಿ ಬಹುಮಟ್ಟಿಗೆ ಕೈಬಿಟ್ಟಂತೆಯೇ.

ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಒಬ್ಬರು ಮೊದಲಿನಿಂದ ಕೊನೆವರೆಗೆ ಕೇಳುತ್ತಲೇ ಇರಬೇಕು. ಮೀಟರ್‌ನಲ್ಲಿ ಗೆರೆ ಕುಣಿಯುವುದನ್ನು ನೋಡಿ ತೃಪ್ತಿಪಡಬೇಡಿ, ಬಟ್ಟೆಯ ಸರಸರಕ್ಕೂ ಆ ಗೆರೆ ಕುಣಿಯುತ್ತದೆ. ಕೊನೆಗೆ ಎಲ್ಲರೂ ಇದ್ದ ಜಾಗದಲ್ಲೇ ಸುಮ್ಮನಿದ್ದು ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಒಂದು ಪದ ತೆಗೆದಾಗ ಉಂಟಾಗುವ ತೂತನ್ನು ಮುಚ್ಚುವುದು ಇದೇ ಸದ್ದು.

ಪ್ರಶ್ನೆ: ಫೋನ್‌ನಲ್ಲಿ ಚಿತ್ರ, ಬೇರೆ ರೆಕಾರ್ಡರ್‌ನಲ್ಲಿ ದನಿ ಹಿಡಿದೆವು. ಶುರುವಿನಲ್ಲಿ ತುಟಿಗೂ ಮಾತಿಗೂ ಹೊಂದುತ್ತದೆ, ಅರ್ಧ ಗಂಟೆ ಕಳೆದ ಮೇಲೆ ತಪ್ಪುತ್ತದೆ.

ಉತ್ತರ: ಇದಕ್ಕೆ ಎರಡು ಕಾರಣ ಇರಬಹುದು. ಬಹಳಷ್ಟು ಫೋನ್‌ಗಳು ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಎಂದು ಹೇಳಿಕೊಂಡರೂ ಬೆಳಕು, ಬಿಸಿ ನೋಡಿ ಆ ವೇಗವನ್ನು ಕೊಂಚ ಹಿಗ್ಗಿಸಿ ಕುಗ್ಗಿಸುತ್ತವೆ. ಕೆಲವು ಎಡಿಟಿಂಗ್ ಸಾಫ್ಟ್‌ವೇರ್‌ಗಳು ಇದನ್ನು ತಪ್ಪಾಗಿ ಓದುತ್ತವೆ. ಫೈಲುಗಳನ್ನು ಟೈಮ್‌ಲೈನ್‌ಗೆ ಹಾಕುವ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್‌ರೇಟ್ ಆಯ್ಕೆ ಮಾಡಿ ಪರಿವರ್ತಿಸಿಕೊಳ್ಳಿ. ಎರಡನೆಯದು, ಎರಡು ಯಂತ್ರಗಳ ಒಳಗಡಿಯಾರ ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಓಡುವುದಿಲ್ಲ. ಉದ್ದ ರೆಕಾರ್ಡಿಂಗ್‌ನಲ್ಲಿ ಅದು ಕೆಲವು ಫ್ರೇಮ್‌ಗಳ ಅಂತರವಾಗಿ ಕಾಣಿಸಿಕೊಳ್ಳುತ್ತದೆ.

ಆರಂಭದಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು ಚಪ್ಪಾಳೆಯನ್ನು ಕ್ಯಾಮೆರಾಕ್ಕೆ ಕಾಣುವಂತೆ ತಟ್ಟಿದರೆ ಎರಡೂ ತುದಿಯಲ್ಲಿ ಗುರುತು ಸಿಗುತ್ತದೆ. ಮೊದಲನೆಯದನ್ನು ಕೂಡಿಸಿ, ಎರಡನೆಯದು ಎಷ್ಟು ಜರುಗಿದೆ ನೋಡಿ ದನಿಯ ಉದ್ದವನ್ನು ಅಷ್ಟೇ ಹಿಗ್ಗಿಸಿ ಅಥವಾ ಕುಗ್ಗಿಸಿ. ಗಂಟೆಗೆ ಒಂದು ಸೆಕೆಂಡ್ ಹೆಚ್ಚಾಗಿದ್ದರೂ ತಿದ್ದಬೇಕಾದದ್ದು ಶೇಕಡಾ 0.03ರಷ್ಟು ಮಾತ್ರ, ಕಿವಿಗೆ ಗೊತ್ತೇ ಆಗದು. ಈಗಾಗಲೇ ಚಿತ್ರೀಕರಿಸಿದ್ದರಲ್ಲಿ ಚಪ್ಪಾಳೆ ಇಲ್ಲದಿದ್ದರೆ 'ಪ', 'ಬ', 'ಮ' ಬರುವ ಪದ ಹುಡುಕಿ. ಅಲ್ಲಿ ತುಟಿ ಮುಚ್ಚಿ ತೆರೆಯುವ ಕ್ಷಣ ಸ್ಪಷ್ಟವಾಗಿ ಕಾಣುತ್ತದೆ. ಫೋನ್‌ನ ಸ್ವಂತ ಮೈಕ್ ಎಂದೂ ಆಫ್ ಮಾಡಬೇಡಿ. ಕೆಟ್ಟ ದನಿಯಾದರೂ ಹೊಂದಿಸಲು ಅದೇ ಆಧಾರ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದನ್ನು ಹೇಳಬೇಕಿಲ್ಲ ಎಂದುಕೊಂಡಿದ್ದೆವು. ಬಂದ ಪತ್ರಗಳನ್ನು ನೋಡಿದರೆ ಹೇಳಲೇಬೇಕು.

ಪ್ರಶ್ನೆ: ಕಿಟಕಿಯ ಮುಂದೆ ಕೂರಿಸಿದರೆ ಮುಖ ಕಪ್ಪಾಗುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಚಿತ್ರದಲ್ಲಿ ಪಟ್ಟೆಪಟ್ಟೆ ಓಡುತ್ತವೆ. ಲೈಟ್ ಕೊಳ್ಳುವ ಶಕ್ತಿ ಇಲ್ಲ.

ಉತ್ತರ: ಕೊಳ್ಳುವ ಅಗತ್ಯವೂ ಇಲ್ಲ. ನಿಮ್ಮ ಬಳಿ ಇರುವ ಅತಿ ದೊಡ್ಡ, ಅತಿ ಮೃದು ದೀಪವೇ ಆ ಕಿಟಕಿ. ಅದನ್ನು ಬೆನ್ನಿಗಿಡುವ ಬದಲು ಕೆನ್ನೆಗೆ ಇಡಿ. ಬೆಳಕು ಮುಖದ ಒಂದು ಬದಿಯಿಂದ, ಸುಮಾರು 45 ಡಿಗ್ರಿ ಕೋನದಲ್ಲಿ ಬೀಳಲಿ. ಪ್ರಶ್ನೆ ಕೇಳುವವರು ಕ್ಯಾಮೆರಾಕ್ಕೂ ಕಿಟಕಿಗೂ ನಡುವೆ ಕೂತರೆ ಮಾತಾಡುವವರು ಬೆಳಕಿನ ಕಡೆಗೇ ನೋಡುತ್ತಾರೆ, ನೆರಳಿನ ಕೆನ್ನೆ ಕ್ಯಾಮೆರಾದ ಕಡೆಗಿರುತ್ತದೆ. ಮುಖಕ್ಕೆ ಆಳ ಬರುವುದು ಇದರಿಂದಲೇ. ನೆರಳು ತೀರಾ ಗಾಢವಾದರೆ ಆ ಬದಿಗೆ, ಫ್ರೇಮಿನ ಹೊರಗೆ, ಒಂದು ಬಿಳಿ ಥರ್ಮಾಕೋಲ್ ಹಾಳೆ ನಿಲ್ಲಿಸಿ. ಹಾಳೆ ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಬಿಸಿಲು ನೇರವಾಗಿ ಒಳಗೆ ಬೀಳುವ ಕಿಟಕಿ ಬೇಡ. ಬೇರೆ ಇಲ್ಲದಿದ್ದರೆ ತೆಳು ಬಿಳಿ ಬಟ್ಟೆ ಕಟ್ಟಿ.

ಪಟ್ಟೆ ಓಡುವುದು ಶಟರ್‌ನಿಂದ, ಅಂದರೆ ಪ್ರತಿ ಫ್ರೇಮಿಗೂ ಬೆಳಕನ್ನು ಒಳಬಿಡುವ ಅವಧಿಯಿಂದ. 50 ಹರ್ಟ್ಜ್ ವಿದ್ಯುತ್ ಇರುವ ಕಡೆ ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿನಲ್ಲೂ ಪೂರ್ತಿ ಮಿಡಿತಗಳೇ ಸೇರುತ್ತವೆ, ಪಟ್ಟೆ ಬರದು. 60 ಹರ್ಟ್ಜ್ ಇರುವ ದೇಶಗಳಲ್ಲಿ 1/60 ಅಥವಾ 1/120. ಕೆಲವು ಅಗ್ಗದ ಎಲ್‌ಇಡಿ ದೀಪಗಳು ಈ ಲೆಕ್ಕಕ್ಕೂ ಸಿಗುವುದಿಲ್ಲ, ಅವನ್ನು ಆಫ್ ಮಾಡುವುದೇ ಸರಿ. ಕಿಟಕಿ ಬೆಳಕು ಸಾಕಾದರೆ ಒಳಗಿನ ದೀಪಗಳನ್ನೆಲ್ಲ ಆರಿಸಿ. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಅರ್ಧ ಮುಖ ನೀಲಿ, ಅರ್ಧ ಹಳದಿ, ವೈಟ್ ಬ್ಯಾಲೆನ್ಸ್‌ನಿಂದ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಹೊಂದಿಸುವುದು) ಎರಡನ್ನೂ ಒಟ್ಟಿಗೆ ತಿದ್ದಲಾಗದು. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡದೆ, ಹಗಲ ಬೆಳಕಿಗೆ 5600 ಕೆಲ್ವಿನ್ ಸುತ್ತ ಕಟ್ಟಿಹಾಕಿ. ಎಕ್ಸ್‌ಪೋಶರ್ (ಚಿತ್ರ ಎಷ್ಟು ಬೆಳಗಬೇಕೆಂಬುದು) ಕೂಡ ಹಾಗೆಯೇ. ಫೋನ್‌ನಲ್ಲಾದರೆ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಹಲವು ಮಾದರಿಗಳಲ್ಲಿ ಫೋಕಸ್ ಮತ್ತು ಎಕ್ಸ್‌ಪೋಶರ್ ಎರಡೂ ಲಾಕ್ ಆಗುತ್ತವೆ.

ಕನ್ನಡಕದಲ್ಲಿ ಕಿಟಕಿ ಹೊಳೆದರೆ ಕುರ್ಚಿಯನ್ನು ತುಸು ತಿರುಗಿಸಿ, ಇಲ್ಲವೇ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಕೊಂಚ ಎತ್ತರಿಸಿ. ಗಾಜು ಕೆಳಗೆ ವಾಲಿದರೆ ಹೊಳಪು ಜಾರುತ್ತದೆ. ಕನ್ನಡಕ ತೆಗೆಯಿರಿ ಎನ್ನಬೇಡಿ. ದಿನವೂ ಹಾಕುವವರ ಮುಖ ಅದಿಲ್ಲದೆ ಅವರದಾಗಿರುವುದಿಲ್ಲ.

ಪ್ರಶ್ನೆ: ಮಾತಾಡುವವರು ಎಲ್ಲಿ ನೋಡಬೇಕು? ಕ್ಯಾಮೆರಾವನ್ನೇ ಅಥವಾ ಪಕ್ಕಕ್ಕೇ?

ಉತ್ತರ: ಪಕ್ಕಕ್ಕೆ, ಆದರೆ ತೀರಾ ಪಕ್ಕಕ್ಕಲ್ಲ. ಪ್ರಶ್ನೆ ಕೇಳುವವರ ಭುಜ ಕ್ಯಾಮೆರಾಕ್ಕೆ ತಾಗುವಷ್ಟು ಹತ್ತಿರ, ಕಣ್ಣು ಲೆನ್ಸಿನ ಎತ್ತರದಲ್ಲೇ ಇರಲಿ. ನೀವು ನಿಂತು ಕೇಳಿದರೆ ಅವರು ಮೇಲೆ ನೋಡುತ್ತಾರೆ, ಅಪ್ಪಣೆ ಕೇಳುವವರಂತೆ ಕಾಣುತ್ತಾರೆ. ಲೆನ್ಸ್ ಅವರ ಕಣ್ಣಿನ ಮಟ್ಟಕ್ಕೆ ಇರಬೇಕು. ಅವರು ನೋಡುವ ದಿಕ್ಕಿನಲ್ಲಿ ಫ್ರೇಮಿನಲ್ಲಿ ಹೆಚ್ಚು ಜಾಗ ಬಿಡಿ. ಚಿತ್ರದಲ್ಲಿ ಹಲವರ ಸಂದರ್ಶನ ಇದ್ದರೆ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ನೋಡುವಂತೆ ಮೊದಲೇ ಹಂಚಿಕೊಳ್ಳಿ. ಒಂದೇ ವಿಷಯಕ್ಕೆ ಎರಡು ಅಭಿಪ್ರಾಯ ಇರುವವರು ಎದುರುಬದುರು ನೋಡಿದರೆ ಎಡಿಟಿಂಗ್‌ನಲ್ಲಿ ಅವರ ನಡುವೆ ಸಂವಾದವೇ ಹುಟ್ಟುತ್ತದೆ.

ನೇರ ಲೆನ್ಸ್ ನೋಡಿಸುವ ಮಾದರಿಯೂ ಇದೆ. ಅಮೆರಿಕದ ನಿರ್ದೇಶಕ ಎರಲ್ ಮಾರಿಸ್ ಟೆಲಿಪ್ರಾಂಪ್ಟರ್‌ಗಳನ್ನು (ಲೆನ್ಸಿನ ಮುಂದಿನ ಗಾಜಿನಲ್ಲಿ ಓದಬೇಕಾದ ಮಾತು ಮೂಡಿಸುವ ಸಾಧನ) ಜೋಡಿಸಿ, ಆ ಗಾಜಿನಲ್ಲಿ ಪ್ರಶ್ನೆ ಕೇಳುವವರ ಮುಖವೇ ಕಾಣುವಂತೆ ಮಾಡಿದರು. ಹಾಗಾಗಿ ಅವರ ಚಿತ್ರಗಳಲ್ಲಿ ಜನ ಮನುಷ್ಯನನ್ನು ನೋಡುತ್ತಲೇ ಲೆನ್ಸನ್ನೂ ನೋಡುತ್ತಾರೆ. ಆ ಸಲಕರಣೆ ಇಲ್ಲದೆ, ಅಭ್ಯಾಸವಿಲ್ಲದ ಒಬ್ಬರಿಗೆ ಕಪ್ಪು ಗಾಜನ್ನು ನೋಡುತ್ತಾ ಬದುಕಿನ ಮಾತಾಡಿ ಎನ್ನುವುದು ಕ್ರೌರ್ಯವೇ.

ಗೋಡೆಗೆ ಒರಗಿಸಿ ಕೂರಿಸಬೇಡಿ. ಬೆನ್ನ ಹಿಂದೆ ಎರಡು ಮೀಟರ್ ಜಾಗವಿದ್ದರೆ ಹಿನ್ನೆಲೆ ತಾನಾಗಿ ಮಸುಕಾಗುತ್ತದೆ. ಫೋನ್‌ನ ವೈಡ್ ಲೆನ್ಸನ್ನು ಮುಖದ ಹತ್ತಿರ ತಂದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತವೆ. 2x ಲೆನ್ಸ್ ಬಳಸಿ ನೀವೇ ಹಿಂದೆ ಸರಿಯಿರಿ. ತಿರುಗುವ ಕುರ್ಚಿ ಮಾತ್ರ ಖಂಡಿತ ಬೇಡ.

ಪ್ರಶ್ನೆ: ನಾವು ಸಂದರ್ಶಿಸಿದ ಹಿರಿಯ ನೇಕಾರರು ಮಗ್ಗದ ಮುಂದೆ ಚೆನ್ನಾಗಿ ಮಾತಾಡುತ್ತಿದ್ದರು. ಕ್ಯಾಮೆರಾ ಇಟ್ಟೊಡನೆ "ಹೌದು", "ಅಷ್ಟೇ", "ಹಾಗೇ ಇತ್ತು" ಎಂದು ಮುಗಿಸಿಬಿಟ್ಟರು.

ಉತ್ತರ: ನೀವು ಕಳಿಸಿದ ಪ್ರಶ್ನೆಗಳ ಪಟ್ಟಿ ನೋಡಿದೆವು. "ಆಗ ಕೆಲಸ ಕಷ್ಟವಿತ್ತಾ?" ಎಂದು ಕೇಳಿದರೆ "ಹೌದು" ಎನ್ನುವುದು ಸರಿಯಾದ ಉತ್ತರವೇ, ತಪ್ಪು ಅವರದಲ್ಲ. "ಮೊದಲ ಸಲ ಮಗ್ಗದ ಮೇಲೆ ಕೂತ ದಿನ ಏನಾಯಿತು, ಹೇಳಿ" ಎಂದು ಕೇಳಿ. ಅಭಿಪ್ರಾಯ ಕೇಳಿದರೆ ಜನ ಭಾಷಣಕ್ಕೆ ಇಳಿಯುತ್ತಾರೆ, ನಡೆದದ್ದು ಕೇಳಿದರೆ ನೆನಪಿಗೆ ಇಳಿಯುತ್ತಾರೆ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಎರಡನ್ನು ಕೂಡಿಸಿ ಕೇಳಿದರೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಬರುತ್ತದೆ.

ನಿಮ್ಮ ದನಿ ಚಿತ್ರದಲ್ಲಿ ಇರುವುದಿಲ್ಲವೆಂದಾದರೆ, ಪ್ರಶ್ನೆಯನ್ನೂ ಸೇರಿಸಿ ಉತ್ತರಿಸಲು ಮೊದಲೇ ಕೇಳಿಕೊಳ್ಳಿ. "ಹದಿನಾರನೇ ವಯಸ್ಸಿಗೆ" ಎಂಬಷ್ಟೇ ಉತ್ತರದಿಂದ ನೋಡುಗರಿಗೆ ಏನೂ ತಿಳಿಯದು, "ನಾನು ಮಗ್ಗಕ್ಕೆ ಕೂತದ್ದು ಹದಿನಾರನೇ ವಯಸ್ಸಿಗೆ" ಎಂದರೆ ವಾಕ್ಯ ತಾನೇ ನಿಲ್ಲುತ್ತದೆ. ಅವರು ಮರೆತಾಗಲೆಲ್ಲ ತಿದ್ದಬೇಡಿ. ಅತಿ ಮುಖ್ಯ ಉತ್ತರವಾದರೆ ಮಾತ್ರ ಇನ್ನೊಮ್ಮೆ ಕೇಳಿ.

ಉತ್ತರ ಮುಗಿಯಿತು ಎನಿಸಿದ ಮೇಲೆ ಮನಸ್ಸಿನಲ್ಲೇ ನಾಲ್ಕು ಎಣಿಸಿ. ಅವರನ್ನೇ ನೋಡುತ್ತಿರಿ. ಮುಂದಿನ ಪ್ರಶ್ನೆಗಾಗಿ ಕಾಗದಕ್ಕೆ ಕಣ್ಣು ಹಾಕಬೇಡಿ. ಎಷ್ಟೋ ಸಲ ಚಿತ್ರದಲ್ಲಿ ಉಳಿಯುವ ಮಾತು ಬರುವುದು ಆ ಮೌನದ ಬಳಿಕವೇ. "ಹ್ಞೂ", "ಹೌದಾ" ಎನ್ನುವ ಅಭ್ಯಾಸವಿದ್ದರೆ ತಲೆಯಾಡಿಸುವುದಕ್ಕೆ ಬದಲಿಸಿಕೊಳ್ಳಿ. ಅವರ ವಾಕ್ಯದ ಮೇಲೆ ನಿಮ್ಮ ದನಿ ಬಿದ್ದರೆ ಬೇರ್ಪಡಿಸುವುದು ಬಲು ಕಷ್ಟ. ಪ್ರಶ್ನೆಗಳ ಪಟ್ಟಿಯನ್ನು ಮುಂಚಿತವಾಗಿ ಕಳಿಸಬೇಡಿ, ವಿಷಯಗಳನ್ನು ಮಾತ್ರ ತಿಳಿಸಿ. ಪಟ್ಟಿ ಸಿಕ್ಕವರು ಉತ್ತರ ಬಾಯಿಪಾಠ ಮಾಡಿ ಬರುತ್ತಾರೆ.

ಇನ್ನು ಈ ನೇಕಾರರ ವಿಷಯ. ಅವರು ಚೆನ್ನಾಗಿ ಮಾತಾಡಿದ್ದು ಕೈ ಕೆಲಸದಲ್ಲಿದ್ದಾಗ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅವರನ್ನು ಮಗ್ಗದ ಬಳಿಗೇ ಕರೆದುಕೊಂಡು ಹೋಗಿ. ಮಗ್ಗ ಓಡುವಾಗ ಮಾತು ಕೇಳದು ನಿಜ. ಎಳೆ ಜೋಡಿಸುವಂಥ ಸದ್ದಿಲ್ಲದ ಕೆಲಸ ಮಾಡುತ್ತಾ ಮಾತಾಡಿಸಿ. ಓಡುವ ಮಗ್ಗದ ಸದ್ದನ್ನು ಎರಡು ಮೂರು ನಿಮಿಷ ಬೇರೆಯಾಗಿ ಹಿಡಿದುಕೊಂಡರೆ ಆಮೇಲೆ ಬೇಕಾದಷ್ಟೇ ಬೆರೆಸಬಹುದು. ಕ್ಯಾಮೆರಾ ಇಟ್ಟು ಮೊದಲ ಹದಿನೈದು ನಿಮಿಷ ಸುಲಭದ ಪ್ರಶ್ನೆಗಳಲ್ಲೇ ಕಳೆಯಿರಿ. ಅದು ಚಿತ್ರಕ್ಕಲ್ಲ, ಅವರ ಹೆಗಲು ಸಡಿಲಾಗಲು.

ಪ್ರಶ್ನೆ: ಮಾತಿನ ನಡುವೆ ಅವರು ಅಳತೊಡಗಿದರೆ ಕ್ಯಾಮೆರಾ ನಿಲ್ಲಿಸಬೇಕೇ?

ಉತ್ತರ: ಇದನ್ನು ಅಳು ಬಂದ ಮೇಲೆ ಯೋಚಿಸುವುದಲ್ಲ. ಶುರುವಿಗೆ ಮೊದಲೇ "ಕೈ ಎತ್ತಿದರೆ ಸಾಕು, ನಿಲ್ಲಿಸುತ್ತೇವೆ, ಕಾರಣ ಕೇಳುವುದಿಲ್ಲ" ಎಂದು ಹೇಳಿರಿ. ಅಳು ಬಂದಾಗ ಝೂಮ್ ಮಾಡಬೇಡಿ, ಕ್ಯಾಮೆರಾ ಅಲುಗಿಸಬೇಡಿ, ಗಾಬರಿಯಿಂದ ತಕ್ಷಣ ಆರಿಸಲೂಬೇಡಿ. ಹಾಗೆ ಆರಿಸಿದರೆ ತಾವೇನೋ ತಪ್ಪು ಮಾಡಿದೆವೆಂದು ಅವರಿಗೆ ಅನಿಸುತ್ತದೆ. ಸುಮ್ಮನಿರಿ. ನೀರು ಕೊಡಿ. "ಮುಂದುವರಿಸೋಣವೇ, ಸಾಕೇ?" ಎಂದು ಕೇಳಿ. ಸಾಕು ಎಂದರೆ ಅವರಿಗೆ ಕಾಣುವಂತೆ ಆರಿಸಿ. ಆರಿಸಿದಂತೆ ತೋರಿಸಿ ರೆಕಾರ್ಡ್ ಮಾಡುತ್ತಲೇ ಇರುವುದು ಮೋಸ. ಅಂಥ ದೃಶ್ಯ ಎಷ್ಟೇ ಪರಿಣಾಮಕಾರಿಯಾದರೂ ಚಿತ್ರದಲ್ಲಿ ಇರಬಾರದು.

ನೋವಿನ ಮಾತಿನಲ್ಲೇ ಸಂದರ್ಶನ ಮುಗಿಸಿ ಸಾಮಾನು ಕಟ್ಟಬೇಡಿ. ಇಂದಿನ ದಿನದ ಬಗ್ಗೆ, ಅವರಿಗೆ ಇಷ್ಟವಾದ ಕೆಲಸದ ಬಗ್ಗೆ ಒಂದೆರಡು ಪ್ರಶ್ನೆ ಕೇಳಿ ಅವರನ್ನು ವರ್ತಮಾನಕ್ಕೆ ಕರೆತನ್ನಿ. ಮಾರನೆಯ ದಿನ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಿ.

ಪ್ರಶ್ನೆ: ಉತ್ತರದ ನಡುವೆ ಕತ್ತರಿಸಿದಲ್ಲೆಲ್ಲ ಮುಖ ಎಗರಿದಂತೆ ಕಾಣುತ್ತದೆ.

ಉತ್ತರ: ಕತ್ತರಿಸಿದ ಜಾಗವನ್ನು ಬೇರೆ ದೃಶ್ಯದಿಂದ ಮುಚ್ಚಬೇಕು. ಆ ದೃಶ್ಯಗಳನ್ನು ಸಂದರ್ಶನ ಆದ ಮೇಲೆ ತೆಗೆಯಿರಿ, ಮುಂಚೆಯಲ್ಲ. ಅವರು ಏನು ಹೇಳುತ್ತಾರೆಂದು ಮುಂಚೆ ಗೊತ್ತಿರುವುದಿಲ್ಲ. ಸಂದರ್ಶನದ ಹೊತ್ತಿಗೆ ಒಬ್ಬರು ಅವರ ಬಾಯಲ್ಲಿ ಬಂದ ವಸ್ತು, ಜಾಗ, ಕೆಲಸಗಳನ್ನು ಬರೆದುಕೊಳ್ಳುತ್ತಾ ಹೋಗಲಿ. ಆಮೇಲೆ ಒಂದೊಂದನ್ನೂ ದೂರದಿಂದ, ಮಧ್ಯದಿಂದ, ಹತ್ತಿರದಿಂದ ಮೂರು ಸಲ, ಪ್ರತಿ ಸಲ ಕನಿಷ್ಠ 10 ಸೆಕೆಂಡ್ ಕ್ಯಾಮೆರಾ ಅಲುಗಿಸದೆ ಹಿಡಿಯಿರಿ. ಕೈಗಳು ಎಲ್ಲಕ್ಕಿಂತ ಉಪಯೋಗಕ್ಕೆ ಬರುತ್ತವೆ.

4ಕೆಯಲ್ಲಿ ಚಿತ್ರೀಕರಿಸಿ 1080ರಲ್ಲಿ ಚಿತ್ರ ಮುಗಿಸುವುದಾದರೆ ಇನ್ನೊಂದು ದಾರಿ ಇದೆ. ಎರಡು ಪಟ್ಟಿನವರೆಗೆ ಹಿಗ್ಗಿಸಿದರೂ ಚಿತ್ರ ಸ್ಪಷ್ಟವಾಗಿರುವುದರಿಂದ ಒಂದು ಕ್ಯಾಮೆರಾದಲ್ಲೇ ಮಿಡ್ ಶಾಟ್, ಕ್ಲೋಸ್‌ಅಪ್ ಎರಡೂ ಸಿಗುತ್ತವೆ. ಅಳತೆಯ ವ್ಯತ್ಯಾಸ ಎದ್ದು ಕಾಣುವಷ್ಟಿರಲಿ, ಸ್ವಲ್ಪವೇ ಹಿಗ್ಗಿಸಿದರೆ ಎಗರಿದ ಭಾವನೆ ಉಳಿದೇ ಇರುತ್ತದೆ. ಆದರೆ ಮಾತು ಕತ್ತರಿಸಿ ಕೂಡಿಸುವಾಗ ಅರ್ಥ ತಿರುಗಬಾರದು. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದರೆ ಮೇಲೆ ಎಷ್ಟು ಚಂದದ ದೃಶ್ಯ ಹೊದಿಸಿದರೂ ಅದು ಸುಳ್ಳೇ.

ಪ್ರಶ್ನೆ: 64 ಜಿಬಿ ಕಾರ್ಡ್ ಸಾಕೇ?

ಉತ್ತರ: ಕ್ಯಾಮೆರಾದ ಬಿಟ್‌ರೇಟ್, ಅಂದರೆ ಅದು ಸೆಕೆಂಡಿಗೆ ಎಷ್ಟು ಮಾಹಿತಿ ಬರೆಯುತ್ತದೆ ಎಂದು ನೋಡಿ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಎಂದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ನಿಮ್ಮ ಕಾರ್ಡ್ ಒಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿಗೆ ತುಂಬುತ್ತದೆ. ಸಂದರ್ಶನದ ನಂತರ ತೆಗೆಯುವ ದೃಶ್ಯಗಳಿಗೆ ಇನ್ನೊಂದು ಕಾರ್ಡ್ ಬೇಕು. ಸತತ ಅರ್ಧ ಗಂಟೆಗೆ ತಾನೇ ನಿಲ್ಲುವ ಕ್ಯಾಮೆರಾಗಳೂ ಇವೆ, ಅಂಥದ್ದಾದರೆ ಇಪ್ಪತ್ತೈದನೇ ನಿಮಿಷಕ್ಕೆ ನೀವೇ ನಿಲ್ಲಿಸಿ ಮತ್ತೆ ಶುರು ಮಾಡಿ. ಅಂದು ರಾತ್ರಿಯೇ ಎರಡು ಬೇರೆ ಡಿಸ್ಕ್‌ಗಳಿಗೆ ನಕಲು ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಎರಡೂ ನಕಲಿನ ಫೈಲುಗಳನ್ನು ತೆರೆದು ನೋಡುವವರೆಗೆ ಕಾರ್ಡ್ ಅಳಿಸಬೇಡಿ.

ಪ್ರಶ್ನೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಈಗ "ಆ ಒಂದು ಮಾತು ಬೇಡ, ತೆಗೆಯಿರಿ" ಎನ್ನುತ್ತಿದ್ದಾರೆ. ನಮ್ಮ ಚಿತ್ರದ ಜೀವವೇ ಆ ಮಾತು.

ಉತ್ತರ: ಯಾಕೆ ಬೇಡ ಎಂದು ಮೊದಲು ಕೇಳಿ. ಹೆಸರು ಗೊತ್ತಾಗುವ ಭಯವೇ, ಮನೆಯವರ ಸಂಕೋಚವೇ, ಅಥವಾ ಹೇಳಿದ್ದೇ ತಪ್ಪಾಗಿತ್ತೇ? ಎಡಿಟ್ ಮಾಡಿದ ಆ ಭಾಗವನ್ನು ಅವರಿಗೆ ತೋರಿಸಿ. ಮುಂದೆ ಹಿಂದೆ ಏನಿದೆ ಎಂದು ನೋಡಿದ ಮೇಲೆ ಎಷ್ಟೋ ಜನ ಒಪ್ಪುತ್ತಾರೆ. ಕೆಲವರಿಗೆ ಒಂದು ಹೆಸರು, ಒಂದು ಊರು ತೆಗೆದರೆ ಸಾಕಾಗುತ್ತದೆ. ಆಮೇಲೂ ಬೇಡ ಎಂದರೆ ತೆಗೆಯಿರಿ. ಸಹಿ ನಿಮಗೆ ಕಾಗದದ ಹಕ್ಕು ಕೊಟ್ಟಿರಬಹುದು, ಆದರೆ ಚಿತ್ರ ಮುಗಿದ ಮೇಲೂ ನೆರೆಹೊರೆಯವರ ನಡುವೆ ಬಾಳಬೇಕಾದವರು ಅವರು. ಅಧಿಕಾರದಲ್ಲಿರುವವರು ತಮ್ಮ ಹೊಣೆಯ ಬಗ್ಗೆ ಬಹಿರಂಗವಾಗಿ ಹೇಳಿದ್ದನ್ನು ಹಿಂತೆಗೆಯಿರಿ ಎಂದರೆ ಪ್ರಶ್ನೆ ಬೇರೆ. ಅದನ್ನು ನಿಮ್ಮ ಅಧ್ಯಾಪಕರ ಜೊತೆ ಕೂತು ತೀರ್ಮಾನಿಸಿ.

ಮುಂದಿನ ಸಲ ಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ. ಚಿತ್ರದ ವಿಷಯ, ಎಲ್ಲೆಲ್ಲಿ ತೋರಿಸುತ್ತೀರಿ (ತರಗತಿಯಲ್ಲೇ, ಉತ್ಸವಗಳಲ್ಲೇ, ಇಂಟರ್ನೆಟ್‌ನಲ್ಲೇ), ಹೆಸರು ಬರುತ್ತದೆಯೇ, ಯಾವ ದಿನಾಂಕದವರೆಗೆ ಮಾತು ಹಿಂತೆಗೆದುಕೊಳ್ಳಬಹುದು, ಇಷ್ಟು ಸ್ಪಷ್ಟವಿರಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರ ಒಪ್ಪಿಗೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ. ಮಕ್ಕಳಾದರೆ ಪೋಷಕರ ಸಹಿಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಗುರುತು ಮರೆಸಬೇಕಾದವರನ್ನು ಬೆಳಕಿಗೆ ಬೆನ್ನು ಮಾಡಿಸಿ ನೆರಳಾಗಿಯೇ ಚಿತ್ರೀಕರಿಸಿ. ಮುಖವನ್ನು ಆಮೇಲೆ ಮಸುಕು ಮಾಡಿದರೆ ಮೂಲ ಫೈಲು ಹಾಗೇ ಉಳಿದಿರುತ್ತದೆ, ಅದು ಇನ್ನೊಬ್ಬರ ಕೈ ಸೇರಬಹುದು. ದನಿ, ಕೈಯ ಉಂಗುರ, ಹಿಂದಿನ ಗೋಡೆಯ ಮೇಲಿನ ಫೋಟೋ ಕೂಡ ಗುರುತು ಹೇಳುತ್ತವೆ.